ಚಾಲು ಅಂದರೆ ಸಾಕು

ಹೋದ ತಿಂಗಳು ರಾಗಿ ಬೀಸಿಸಲು ವಿನೋಬನಗರದಲ್ಲಿ ನಮ್ಮ ಮನೆಯ ಹಿಂದಿರುವ ಹಳೆಯ ಗಿರಣಿಗೆ ಹೋಗಿದ್ದೆ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟೇ ಸಿಗುತ್ತಲ್ಲ, ಈ ವಯಸ್ಸಲ್ಲಿ ನೀವ್ಯಾಕೆ ಚೀಲ ಹೊತ್ಕೊಂಡು ಹೋಗ್ತೀರಿ ಅಂತ ಸೊಸೆ ಗೊಣಗಿದಳು. ಆದರೆ ಹಿಟ್ಟು ನನಗಲ್ಲ. ವಿದ್ಯಾನಗರದಲ್ಲಿ ತಮ್ಮ ಮಗನ ಮನೆಯಲ್ಲಿರುವ ನಮ್ಮ ಅತ್ತಿಗೆಗೆ. ಪ್ಯಾಕೆಟ್ ಹಿಟ್ಟಿನ ಗಂಜಿ ಅವರಿಗೆ ಸೇರುವುದಿಲ್ಲ.

ಅರ್ಧ ಬೀಸುವಷ್ಟರಲ್ಲಿ ಗಿರಣಿಯ ಬೆಲ್ಟು ಜಾರತೊಡಗಿತು. ಗಿರಣಿಯವನು ಒಂದು ತಗಡಿನ ಡಬ್ಬಿಯಿಂದ ಚಿಟಿಕೆ ರಾಳದ ಪುಡಿ ತೆಗೆದು ಓಡುತ್ತಿದ್ದ ಬೆಲ್ಟಿನ ಮೇಲೆ ಚಿಮುಕಿಸಿದ. ಬೆಲ್ಟು ಕಚ್ಚಿಕೊಂಡಿತು. ಕಾದ ಚರ್ಮ, ರಾಳ, ಎಂಜಿನ್ ಎಣ್ಣೆ ಮೂರೂ ಸೇರಿದ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ನಾನು ಗೋಡೆ ಹಿಡಿದು ನಿಂತೆ.

"ಯಾಕಜ್ಜ, ತಲೆ ಸುತ್ತುತ್ತಾ?" ಅಂತ ಕೇಳಿದ ಗಿರಣಿಯವನು.

"ಇಲ್ಲ ಮಾರಾಯ. ನೀನು ಬೀಸು" ಅಂದೆ.

ತಲೆ ಸುತ್ತಿರಲಿಲ್ಲ. ಆದರೆ ನಾನು ಗಿರಣಿಯಲ್ಲಿ ಇರಲೂ ಇಲ್ಲ. ಭದ್ರಾವತಿಯ ಹೊಳೆ ಪಕ್ಕದ ಮೈದಾನದಲ್ಲಿ, ಒಂದು ಕ್ಯಾನ್ವಾಸ್ ಪರದೆಯ ಹಿಂದೆ, ಕೈಯಲ್ಲಿ ಅಂಥದ್ದೇ ಡಬ್ಬಿ ಹಿಡಿದು ನಿಂತಿದ್ದೆ. ನನಗೆ ಹದಿನಾರು ವರ್ಷ. ಅವತ್ತು ನಾನು ಆಡಿದ ಒಂದು ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ, ಅವಳೂ ಹೋದಳು. ಅಣ್ಣನಿಗೂ ಹೇಳಲಿಲ್ಲ, ಅವನೂ ಹೋದ. ಈಗ ಬರೆದುಬಿಡುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿವಮೊಗ್ಗದ ಗಾಂಧಿಬಜಾರಿನ ಹಿಂದಿನ ಒಂದು ಓಣಿಯಲ್ಲಿ ನಮ್ಮ ಮನೆ. ಅಪ್ಪ ಬೇಗ ತೀರಿಕೊಂಡಿದ್ದರು. ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಅಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಮ್ಮ, ಅಣ್ಣ, ನಾನು, ಆರು ವರ್ಷದ ತಂಗಿ ಪುಟ್ಟಿ, ಇಷ್ಟೇ ಸಂಸಾರ. ನನ್ನ ಪಾಲಿಗೆ ಅಪ್ಪ ಅಂದರೂ ಅಣ್ಣನೇ, ಗೆಳೆಯ ಅಂದರೂ ಅಣ್ಣನೇ. ಅವನ ಸೈಕಲ್ಲಿನ ಹಿಂದಿನ ಸೀಟು ನನ್ನದು ಅಂತ ಓಣಿಗೆಲ್ಲ ಗೊತ್ತಿತ್ತು.

ಹಿಂದಿನ ವರ್ಷ ಅಣ್ಣನಿಗೆ ಮದುವೆಯಾಯಿತು. ಹುಡುಗಿ ಭದ್ರಾವತಿಯವಳು, ವರಲಕ್ಷ್ಮಿ ಅಂತ. ಜನ ನಮ್ಮವರೇ, ಆದರೆ ಮನೆಮಾತು ತೆಲುಗು. ಅವರಪ್ಪ ಕಬ್ಬಿಣದ ಕೆಲಸ ಹುಡುಕಿಕೊಂಡು ಅನಂತಪುರದ ಕಡೆಯಿಂದ ಬಂದು ಅಲ್ಲೇ ನೆಲೆಸಿದ್ದರು. ಅತ್ತಿಗೆಗೆ ಆಗ ಹತ್ತೊಂಬತ್ತು. ಭದ್ರಾವತಿಯಲ್ಲೇ ಬೆಳೆದದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಕೆಲಸದಲ್ಲಿ ಮೈಮರೆತಾಗ, ನಗು ಬಂದಾಗ, ಕೈ ಸುಟ್ಟುಕೊಂಡಾಗ ಬಾಯಿಂದ ಬರುತ್ತಿದ್ದದ್ದು ತೆಲುಗೇ. ಶಿವಮೊಗ್ಗಕ್ಕೆ ಬಂದ ಮೊದಲ ವಾರ ಅವರು ಕಲಿತ ಹೊಸ ಮಾತು 'ಮಾರಾಯ'. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ ಹಾಲಿನವನು ಮಾರಾಯ, ನಾನು ಮಾರಾಯ, ಹಿತ್ತಿಲಿಗೆ ಬರುವ ಬೆಕ್ಕೂ ಮಾರಾಯ. ಒಂದು ದಿನ ಅಮ್ಮನಿಗೇ "ಬನ್ನಿ ಮಾರಾಯ್ತಿ, ಊಟಕ್ಕೆ ಹಾಕಿದೀನಿ" ಅಂದುಬಿಟ್ಟರು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅಣ್ಣ ಬಚ್ಚಲಿಗೆ ಹೋಗಿ ನಕ್ಕು ಬಂದ.

ಆ ವಾರವೇ ಇನ್ನೊಂದು ತಮಾಷೆ ನಡೆಯಿತು. ಅಮ್ಮ ಹುಳಿ ಬಡಿಸುತ್ತಿದ್ದಳು. ಅತ್ತಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಚಾಲು ಅತ್ತಯ್ಯ, ಚಾಲು" ಅಂದರು. ಅಮ್ಮನಿಗೆ ಗೊತ್ತಿದ್ದ ಚಾಲು ಒಂದೇ. ಬಸ್ಸು ಚಾಲು, ಮಿಷನ್ನು ಚಾಲು, ಅಂದರೆ ಶುರು, ನಡೀಲಿ. ಸೊಸೆಗೆ ಹುಳಿ ರುಚಿಸಿದೆ ಅಂತ ಖುಷಿಯಾಗಿ ಇನ್ನೆರಡು ಸೌಟು ಸುರಿದಳು. ಅತ್ತಿಗೆ "ಚಾಲು! ಚಾಲು!" ಅಂತ ಕೂಗಿದಷ್ಟೂ ಅಮ್ಮ ಸುರಿದಳು. ಹುಳಿ ಎಲೆ ದಾಟಿ ನೆಲಕ್ಕೆ ಹರಿಯಿತು.

ಊಟವಾದ ಮೇಲೆ ನಾನು ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆಯ ಹತ್ತಿರ ಹೋಗಿ ಕೇಳಿದೆ. "ಚಾಲು ಅಂದ್ರೆ ಸಾಕು ಅಂತ ಕಣೋ ನಮ್ಮಲ್ಲಿ. ನಿಮ್ಮಮ್ಮ ನನ್ನ ಹೊಟ್ಟೆ ಒಡೆಸ್ತಿದ್ರು ಮಾರಾಯ" ಅಂತ ನಕ್ಕರು. ಅವತ್ತಿನಿಂದ ದಿನಕ್ಕೊಂದು ತೆಲುಗು ಮಾತು ಕಲಿಸುತ್ತಿದ್ದರು. ನೀರಿಗೆ ನೀಳ್ಳು, ಬಾ ಅನ್ನೋದಕ್ಕೆ ರಾ, ಹೋಗು ಅನ್ನೋದಕ್ಕೆ ಪೋ. ನಾನು ಕಲಿತ ಮೊಟ್ಟಮೊದಲ ಮಾತು ಮಾತ್ರ ಚಾಲು. ಇದನ್ನು ಓದುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಅತ್ತಿಗೆ ಎಷ್ಟು ಒಳ್ಳೆಯವರಾದರೂ ಸೈಕಲ್ಲಿನ ಹಿಂದಿನ ಸೀಟು ನನ್ನದಾಗಿ ಉಳಿಯಲಿಲ್ಲ. ಸಂಜೆ ಅಣ್ಣ ಬಂದ ಕೂಡಲೇ ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವನು "ಇವತ್ತು ಅತ್ತಿಗೇನ ಹೊಳೆ ಕಡೆ ಕರ್ಕೊಂಡು ಹೋಗ್ತೀನಿ ಕಣೋ, ನೀನು ಓದ್ಕೋ" ಅನ್ನುತ್ತಿದ್ದ. ಚಪ್ಪಲಿ ಬಿಚ್ಚಿ ಒಳಗೆ ಹೋಗುತ್ತಿದ್ದೆ. ಇದು ಅವರಿಬ್ಬರ ತಪ್ಪಲ್ಲ. ಆದರೂ ಎದೆಯಲ್ಲಿ ಒಂದು ಸಣ್ಣ ಮುಳ್ಳು.

ಆ ಚಳಿಗಾಲ ಶಿವಮೊಗ್ಗಕ್ಕೆ ಒಂದು ವಸ್ತುಪ್ರದರ್ಶನ ಬಂತು. ರಾಟೆ ತೊಟ್ಟಿಲು, ಮರದ ಕುದುರೆ, ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಬಾವಿ ಎಲ್ಲ ಇತ್ತು. ಆದರೆ ಊರೆಲ್ಲ ಮಾತಾಡಿದ್ದು ಗುಡ್ಡದ ರೈಲಿನ ಬಗ್ಗೆ. ತಗಡಿನ ನಾಲ್ಕು ಡಬ್ಬಿಗಳು, ಒಂದೊಂದರಲ್ಲಿ ಇಬ್ಬಿಬ್ಬರು. ಸರಪಳಿ ಅವನ್ನು ಎರಡಾಳೆತ್ತರದ ಕಟ್ಟಿಗೆಯ ದಿಬ್ಬದ ಮೇಲಕ್ಕೆ ಎಳೆಯುತ್ತಿತ್ತು. ಅಲ್ಲಿಂದ ಕೆಳಕ್ಕೆ ಧಡಧಡ ಜಾರಿ, ಸುತ್ತು ಹೊಡೆದು, ಚಿಕ್ಕ ದಿಬ್ಬ ಹಾರಿ, ಮತ್ತೆ ಸರಪಳಿಯ ಬಾಯಿಗೆ ಬರುತ್ತಿತ್ತು. ಈಗಿನ ಮಕ್ಕಳು ಮೈಸೂರು ಬೆಂಗಳೂರಿನಲ್ಲಿ ತಲೆಕೆಳಗಾಗಿ ಸುತ್ತುವುದನ್ನು ಫೋನಿನಲ್ಲಿ ತೋರಿಸುತ್ತವೆ. ನಮ್ಮದು ಅದರ ಮುಂದೆ ಆಟದ ಸಾಮಾನು. ಆದರೆ ಮನುಷ್ಯನಿಗೆ ಹೊಟ್ಟೆಯೊಳಗೆ ಗಾಳಿ ನುಗ್ಗಿದ ಹಾಗಾಗುವುದನ್ನು ನಾವು ಕಂಡದ್ದು ಅದೇ ಮೊದಲು.

ನನಗೆ ಎಸ್ಸೆಸ್ಸೆಲ್ಸಿ. ಪ್ರದರ್ಶನದ ಕಡೆ ಮುಖ ಹಾಕಬಾರದು ಅಂತ ಅಮ್ಮ ಆಣೆ ಹಾಕಿಸಿದಳು. ನಾನು ಊಟ ಬಿಟ್ಟು ಕೂತಾಗ ಅಣ್ಣ ಪಕ್ಕದಲ್ಲಿ ಬಂದು ಕೂತ. "ಈ ಪ್ರದರ್ಶನ ಬೇಸಿಗೆಗೆ ಭದ್ರಾವತಿಗೆ ಹೋಗುತ್ತಂತೆ. ನಿನ್ನ ಪರೀಕ್ಷೆ ಮುಗೀಲಿ. ರಜಕ್ಕೆ ಎಲ್ರೂ ಅತ್ತಿಗೆ ತವರಿಗೆ ಹೋಗೋಣ. ಎಲ್ಲಾ ಆಟಾನೂ ಆಡಿಸ್ತೀನಿ. ರೈಲಿನ ಮುಂದಿನ ಡಬ್ಬೀಲಿ ನೀನು, ನಾನು. ಮೊದಲನೇ ಸುತ್ತು ನಮ್ದೇ" ಅಂದ. ಪರೀಕ್ಷೆಯವರೆಗೆ ನಾನು ಓದಿದ್ದು ಆ ಮುಂದಿನ ಡಬ್ಬಿಗಾಗಿ.

ಏಪ್ರಿಲ್ ಕೊನೆಯಲ್ಲಿ ಹೊರಟೆವು. ಅಮ್ಮ ಬೀಗರ ಮನೆಗೆಂದು ಚಕ್ಕುಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ನೆಟ್ಟಗೆ ಕೂತಿದ್ದಳು. ಕಿಟಕಿಯಿಂದ ಕಲ್ಲಿದ್ದಲ ಪುಡಿ ಬಂದು ಪುಟ್ಟಿಯ ಕಣ್ಣಿಗೆ ಬಿತ್ತು. ಅತ್ತಿಗೆ ಸೆರಗಿನ ತುದಿ ಸುತ್ತಿ, ಬಾಯಿಂದ ಬಿಸಿ ಊದಿ, ಭದ್ರಾವತಿ ಬರುವವರೆಗೂ ಕಣ್ಣಿಗೆ ಒತ್ತುತ್ತಲೇ ಇದ್ದರು. ಇಳಿಯುವಷ್ಟರಲ್ಲಿ ಪುಟ್ಟಿ ಅವರ ಸೊಂಟದ ಮೇಲಿದ್ದಳು. ಆ ಹತ್ತು ದಿನ ಕೆಳಗಿಳಿಯಲಿಲ್ಲ.

ಬೀಗರದು ಕಾರ್ಖಾನೆಯ ಎರಡು ಕೋಣೆಯ ಕ್ವಾರ್ಟರ್ಸು. ಶಿವಮೊಗ್ಗದ ಬಿಸಿಲೇ ಬೇರೆ, ಅಲ್ಲಿನ ಬಿಸಿಲೇ ಬೇರೆ. ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಕಾರ್ಖಾನೆಯ ಕೂಗಿಗೆ ಎದ್ದು ಕಾರ್ಖಾನೆಯ ಕೂಗಿಗೆ ಉಣ್ಣುವ ಊರು. ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಎದುರಿಗೆ ಮಲೆಯಾಳ, ನಲ್ಲಿಯ ಹತ್ತಿರ ಎಲ್ಲರದೂ ಕನ್ನಡ. ಅಲ್ಲಿ ಅತ್ತಿಗೆ ಬೇರೆಯೇ ಹೆಂಗಸಾದರು. ನಮ್ಮ ಮನೆಯಲ್ಲಿ ಗೋಡೆ ಪಕ್ಕ ನಡೆಯುತ್ತಿದ್ದವರು ಅಲ್ಲಿ ನಡುಬೀದಿಯಲ್ಲಿ ನಡೆದರು. ತೆಲುಗಿನಲ್ಲಿ ಅವರ ದನಿಯೇ ದೊಡ್ಡದು. ಅವರಮ್ಮನ ಜೊತೆ ಒಲೆಯ ಮುಂದೆ ಕೂತು ಮಾತಿಗೆ ತೊಡಗಿದರೆ ಹಪ್ಪಳ ಕರಿಯುವ ಸದ್ದಿನ ಹಾಗೆ ಬಿಡುವೇ ಇಲ್ಲ.

ಅವರಪ್ಪನನ್ನು ನಾನೂ ಮಾವಯ್ಯ ಅಂತಲೇ ಕರೆಯುತ್ತಿದ್ದೆ. ಕಬ್ಬಿಣ ಎರಕ ಹೊಯ್ಯುವ ಕೆಲಸದವರು. ಕೈಗಳಲ್ಲಿ ಸುಟ್ಟ ಚುಕ್ಕೆಗಳು. ಮೊದಲ ಸಂಜೆ ಎಲ್ಲರೂ ಪ್ರದರ್ಶನಕ್ಕೆ ಹೋದಾಗ ಅವರು ರಾಟೆ ತೊಟ್ಟಿಲಿನ ಕಂಬಗಳನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಹ್ಞಾ, ಎಕ್ಕೊಚ್ಚು. ಹತ್ತಬಹುದು" ಅಂತ ಅಪ್ಪಣೆ ಕೊಟ್ಟರು. ಅಮ್ಮನೂ ಹತ್ತಿದಳು. ತೊಟ್ಟಿಲು ಮೇಲಕ್ಕೆ ಹೋದಾಗ ಅವಳು ಕಣ್ಣುಮುಚ್ಚಿ ತನ್ನ ಮಂಗಳಸೂತ್ರವಿಲ್ಲದ ಕೊರಳನ್ನು ಹಿಡಿದುಕೊಂಡಿದ್ದಳು. ಕೆಳಗಿಳಿದ ಮೇಲೆ "ಇನ್ನೊಂದು ಸಲ ಹೋಗೋಣ್ವಾ?" ಅಂದವಳೂ ಅವಳೇ. ಅಮ್ಮ ಹಾಗೆ ನಕ್ಕದ್ದನ್ನು ಅಪ್ಪ ಹೋದ ಮೇಲೆ ಕಂಡದ್ದು ಅವತ್ತು. ಎರಡನೆಯ ಸಂಜೆ ಮರದ ಕುದುರೆ. ಮೂರನೆಯ ಸಂಜೆ ಮೋಟಾರ್ ಸೈಕಲ್ಲಿನ ಬಾವಿ. ಗುಡ್ಡದ ರೈಲಿನ ಸರಪಳಿಯ ಕೊಂಡಿ ಮುರಿದು ಅದು ಮಾತ್ರ ನಿಂತಿತ್ತು.

ಅದರ ಎಂಜಿನ್ ನೋಡಿಕೊಳ್ಳುತ್ತಿದ್ದವರು ಇಮಾಂ ಸಾಬರು. ಶಿವಮೊಗ್ಗದವರೇ, ನಮ್ಮ ಓಣಿಯ ತುದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಆ ಬೇಸಿಗೆ ಪ್ರದರ್ಶನದವರ ಜೊತೆ ಬಂದಿದ್ದರು. ನನ್ನನ್ನು ಕಂಡು "ಅರೆ ಶೀನಾ, ನೀನಿಲ್ಲಿ?" ಅಂತ ಪರದೆಯ ಹಿಂದಕ್ಕೆ ಕರೆದುಕೊಂಡರು. ಒಂದು ಹಳೆಯ ಲಾರಿಯ ಎಂಜಿನ್, ಅದರಿಂದ ಚಕ್ರಕ್ಕೆ ಅಂಗೈಯಗಲದ ಚರ್ಮದ ಬೆಲ್ಟು, ಬೆಲ್ಟನ್ನು ಆಚೀಚೆ ತಳ್ಳುವ ಒಂದು ಮರದ ಹಿಡಿ. ಪರದೆಯಿಂದಾಗಿ ಅವರಿಗೆ ರೈಲು ಕಾಣುತ್ತಿರಲಿಲ್ಲ. ಟಿಕೆಟ್ ಕೊಡುವ ಯಜಮಾನ ಆ ಕಡೆಯಿಂದ "ಚಾಲೂ!" ಅಂತ ಕೂಗಿದರೆ ಹಿಡಿ ಎಳೆಯುವುದು, ಮೂರು ಸುತ್ತಾದ ಮೇಲೆ "ಬಂದ್!" ಅಂದರೆ ತಳ್ಳುವುದು.

"ನನ್ನ ನೌಕರಿ ಎರಡೇ ಲಫ್ಜಿಂದು ಬೇಟಾ" ಅಂತ ಅವರು ನಕ್ಕರು. "ಚಾಲು, ಬಂದ್. ಮೂರನೇದು ಬೇಕಾಗೇ ಇಲ್ಲ."

ಬೆಲ್ಟು ಜಾರಿದಾಗ ರಾಳದ ಪುಡಿ ಹಾಕುವ ಕೆಲಸ ನನಗೆ ಕೊಟ್ಟರು. ಆ ವಾಸನೆ ನನಗೆ ಹುಚ್ಚು ಹಿಡಿಸಿತು.

ಐದನೆಯ ದಿನ ರೈಲು ಮತ್ತೆ ಓಡತೊಡಗಿತು. ಮಧ್ಯಾಹ್ನವೇ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದೆ. ಸಂಜೆ ನಾಲ್ಕೂವರೆಗೆ ಅಣ್ಣ, ಅತ್ತಿಗೆ, ಪುಟ್ಟಿ, ನಾನು ಹೋದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ, ಜನ ಕಡಿಮೆ. ಅಣ್ಣ ಎರಡು ಟಿಕೆಟ್ ತೆಗೆದುಕೊಂಡ. ನಾನು ಮುಂದಿನ ಡಬ್ಬಿಯ ಬಾಗಿಲಿಗೆ ಕೈ ಹಾಕಿದೆ.

ಪುಟ್ಟಿ ಅಳತೊಡಗಿದಳು. ಮೊದಲು ತಾನೇ ಹೋಗಬೇಕಂತೆ, ಅತ್ತಿಗೆ ಜೊತೆಗೇ ಹೋಗಬೇಕಂತೆ, ಮುಂದಿನ ಡಬ್ಬಿಯೇ ಆಗಬೇಕಂತೆ.

"ಬೇಡ ಪುಟ್ಟಿ, ಶೀನ ಚಳಿಗಾಲದಿಂದ ಕಾದಿದ್ದಾನೆ ಪಾಪ" ಅಂದರು ಅತ್ತಿಗೆ.

ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ. "ನೀನು ದೊಡ್ಡೋನಲ್ವೇನೋ? ಅವಳದು ಒಂದು ಸಲ ಮುಗೀಲಿ. ಆಮೇಲೆ ನಾವಿಬ್ರೂ ಹೋಗೋಣ. ನಾನು ಮಂಡಕ್ಕಿ ಕಟ್ಟಿಸ್ಕೊಂಡು ಬರ್ತೀನಿ." ಅವನು ಹೊರಟುಹೋದ.

ಮೊದಲನೇ ಸುತ್ತು ನಮ್ದೇ ಅಂದಿದ್ದ. ಅಷ್ಟೇ ನನ್ನ ತಲೆಯಲ್ಲಿ ಓಡುತ್ತಿದ್ದದ್ದು. ಅತ್ತಿಗೆ ಪುಟ್ಟಿಯನ್ನು ಕೂರಿಸಿಕೊಂಡರು. ಡಬ್ಬಿಯ ಅಡ್ಡಕ್ಕೆ ಒಂದು ತೆಳ್ಳನೆಯ ಸರಪಳಿ ಸಿಕ್ಕಿಸಿದರು. ಹಿಂದಿನ ಡಬ್ಬಿಗಳಲ್ಲಿ ಕಾಲೇಜು ಹುಡುಗರು ನಾಲ್ಕು ಜನ. ನಾನು ಅಲ್ಲಿ ನಿಲ್ಲಲಾರದೆ, ಅತ್ತಿಗೆ ನೋಡುತ್ತಿದ್ದ ಹಾಗೆಯೇ, ಪರದೆಯ ಹಿಂದೆ ಇಮಾಂ ಸಾಬರ ಹತ್ತಿರ ಹೋದೆ.

"ಚಾಲೂ!" ಅಂತ ಯಜಮಾನನ ಕೂಗು. ಸಾಬರು ಹಿಡಿ ಎಳೆದರು. ಸರಪಳಿ ಕರಕರ ಅಂದಿತು. ಧಡಧಡ. ಹುಡುಗರ ಕೇಕೆ. ಪರದೆಯ ಹರಿದ ಜಾಗದಲ್ಲಿ ನನಗೆ ದಿಬ್ಬದ ತುದಿ ಕಾಣುತ್ತಿತ್ತು. ಮೊದಲ ಸುತ್ತಿಗೆ ಪುಟ್ಟಿ ನಗುತ್ತಿದ್ದಳು. ಮೂರನೆಯ ಸುತ್ತಿಗೆ ಅವಳ ಮುಖ ಬಿಳಚಿಕೊಂಡಿತ್ತು. ಮೈಯೆಲ್ಲ ಮೆತ್ತಗಾಗಿ ಸರಪಳಿಯ ಕೆಳಗಿನಿಂದ ಜಾರುತ್ತಿದ್ದಳು. ಅತ್ತಿಗೆ ಎಡಗೈಯಲ್ಲಿ ಅವಳನ್ನು ಬಾಚಿಕೊಂಡು ಬಲಗೈಯಲ್ಲಿ ಡಬ್ಬಿಯ ಅಂಚು ಹಿಡಿದಿದ್ದರು.

ಬಂದ್ ಅನ್ನಬೇಕಾಗಿದ್ದ ಯಜಮಾನ ಟಿಕೆಟ್ಟಿನ ಹತ್ತಿರ ಯಾರೊಂದಿಗೋ ಮಾತಿಗೆ ಬಿದ್ದಿದ್ದ. ಮೇಲಿನಿಂದ ಕೇಳಿಸಿದ್ದು ಅತ್ತಿಗೆಯ ಕೂಗು.

"ಚಾಲು! ಅಯ್ಯೋ ಚಾಲು! ಚಾಲು!"

ಹಿಡಿ ತಳ್ಳಲು ಹೋಗಿದ್ದ ಸಾಬರ ಕೈ ನಿಂತಿತು. ನನ್ನ ಕಡೆ ತಿರುಗಿದರು.

"ನಿಮ್ಮ ಅತ್ತಿಗೇನಾ ಅದು?"

"ಹೂಂ."

"ಏನಂತಾರೆ? ಇನ್ನೂ ಬೇಕಂತಾ?"

ಅವರು ಕೇಳಿದರು. ಅದನ್ನು ನಾನು ಮರೆಮಾಚುವುದಿಲ್ಲ. ಅವರು ಕೈ ತಡೆದು, ನನ್ನ ಮುಖ ನೋಡಿ ಕೇಳಿದರು. ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತ ಅತ್ತಿಗೆ ಹೇಳಿಕೊಟ್ಟದ್ದು ನನಗೆ ಅಕ್ಷರ ಅಕ್ಷರ ನೆನಪಿತ್ತು.

"ಚಾಲು ಅಂತಿದ್ದಾರಲ್ಲ ಸಾಬ್ರೇ. ಇನ್ನೂ ಬೇಕಂತೆ" ಅಂದೆ.

ಅವರು ಹಿಡಿಯನ್ನು ತಳ್ಳದೆ ಹಾಗೆಯೇ ಎಳೆದು ಹಿಡಿದರು. ಬೆಲ್ಟು ಜಾರಿತು. ನಾನೇ ರಾಳದ ಪುಡಿ ಹಾಕಿದೆ. ನನ್ನ ಈ ಕೈಯಿಂದಲೇ.

ಎಷ್ಟು ಸುತ್ತಾಯಿತೋ ಗೊತ್ತಿಲ್ಲ. ಆರೋ ಏಳೋ. ಒಂದೆರಡು ಸುತ್ತಾದ ಮೇಲೆ ಸಾಕು ಅನ್ನೋಣ ಅಂದುಕೊಂಡಿದ್ದೆ. ಬಾಯಿ ಬರಲಿಲ್ಲ. ಹೇಳಿದರೆ ಮೊದಲು ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ. ಪ್ರತಿ ಸಲ ದಿಬ್ಬದ ತುದಿಗೆ ಬಂದಾಗಲೂ "ಚಾಲು" ಅನ್ನುವ ಕೂಗು, ಪ್ರತಿ ಸಲವೂ ಮೊದಲಿಗಿಂತ ಸಣ್ಣಗೆ. ಹುಡುಗರು ಅದನ್ನೇ ಅಣಕಿಸಿ "ಚಾಲೂ! ಚಾಲೂ!" ಅಂತ ಕೇಕೆ ಹಾಕುತ್ತಿದ್ದರು.

ಕೊನೆಗೆ ಅಣ್ಣನ ಗಂಟಲು ಕೇಳಿಸಿತು. "ನಿಲ್ಸ್ರೋ! ನಿಲ್ಸ್ರೋ!" ಸಾಬರು ಹಿಡಿ ತಳ್ಳಿ ಹೊರಗೆ ಓಡಿದರು. ನಾನು ಅವರ ಹಿಂದೆ ಹೋದೆ. ನೆಲದ ತುಂಬ ಮಂಡಕ್ಕಿ ಚೆಲ್ಲಿತ್ತು. ಡಬ್ಬಿಯಲ್ಲಿ ಪುಟ್ಟಿ ವಾಂತಿ ಮಾಡಿಕೊಂಡು ಅತ್ತಿಗೆಯ ಎದೆಗೆ ಒರಗಿದ್ದಳು. ಅಡ್ಡ ಸರಪಳಿ ಯಾವಾಗಲೋ ಕಳಚಿ ನೇತಾಡುತ್ತಿತ್ತು. ಅತ್ತಿಗೆಯ ಬಲಗೈ ಅಂಚನ್ನು ಬಿಡಲೊಲ್ಲದು. ಅಣ್ಣ ಒಂದೊಂದೇ ಬೆರಳು ಬಿಡಿಸಿದ. ಗಾಜಿನ ಬಳೆಗಳೆಲ್ಲ ಒಡೆದು ಮಣಿಕಟ್ಟಿನೊಳಗೆ ನೆಟ್ಟಿದ್ದವು. ರಕ್ತ ಮೊಳಕೈವರೆಗೆ ಇಳಿದಿತ್ತು.

ಪುಟ್ಟಿಗೆ ಏನೂ ಆಗಲಿಲ್ಲ. ರಾತ್ರಿಗೆಲ್ಲ ಮೊಸರನ್ನ ತಿಂದು ಮಲಗಿದಳು. ಆ ಕೈ ಹಿಡಿದಿರದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಬರೆಯಲಾರೆ. ಪುಟ್ಟಿ ಈಗ ಮೊಮ್ಮಕ್ಕಳ ಅಜ್ಜಿ. ಇದನ್ನು ಓದಿದರೆ ಅವಳಿಗೆ ಮೊದಲ ಸಲ ಗೊತ್ತಾಗುತ್ತದೆ.

ಅಣ್ಣ ಇಮಾಂ ಸಾಬರನ್ನು ಜನರೆದುರಿಗೆ ಬಾಯಿಗೆ ಬಂದಂತೆ ಬೈದ. ಅವರು ತಲೆ ತಗ್ಗಿಸಿ "ಗಲ್ತಿ ಆಯ್ತು ಸಾಮಿ. ಚಾಲು ಅಂತ ಕೇಳಿಸ್ತು" ಅಂದರು, ಅಷ್ಟೇ. ನನ್ನ ಹೆಸರೆತ್ತಲಿಲ್ಲ. ಆಮೇಲೆ ನಾನು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, ಸಣ್ಣ ದನಿಯಲ್ಲಿ, "ನಾನು ನಿನ್ನ ಕೇಳಿದ್ನಲ್ಲ ಬೇಟಾ" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಯಲ್ಲಿ ಅಮ್ಮ ಕುದಿಯುತ್ತಿದ್ದಳು. ಅವಳು ಕೆಟ್ಟವಳಲ್ಲ, ಹೆದರಿಕೊಂಡಿದ್ದಳು. ಹೆದರಿಕೆ ಅವಳ ಬಾಯಲ್ಲಿ ಯಾವಾಗಲೂ ಸಿಟ್ಟಾಗಿ ಬರುತ್ತಿತ್ತು. ಬೀಗರ ಮನೆ ಅನ್ನುವುದನ್ನೂ ಮರೆತು, ಅತ್ತಿಗೆಯ ಅಪ್ಪ ಅಮ್ಮನ ಎದುರಿಗೇ ಕೇಳಿದಳು.

"ಒಂದು ವರ್ಷದಿಂದ ನಮ್ಮನೇಲಿದ್ದೀಯಲ್ಲೇ. ಸಾಕು ಅಂತ ಕನ್ನಡದಲ್ಲಿ ಹೇಳೋಕೆ ನಾಲಿಗೆ ಬರಲಿಲ್ವಾ? ನಿನ್ನ ಭಾಷೆ ನನ್ನ ಮಗೂನ ಕೊಲ್ತಿತ್ತಲ್ಲೇ!"

ಮಾವಯ್ಯ ಎದ್ದು ಅಂಗಳಕ್ಕೆ ಹೋದರು. ಅತ್ತಿಗೆ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ನಾನು ನೆಲ ನೋಡಿದೆ. "ಅಮ್ಮ, ಅವರದೇನೂ ತಪ್ಪಿಲ್ಲ, ನನಗೆ ಗೊತ್ತಿತ್ತು" ಅನ್ನಬೇಕಿತ್ತು. ನಾಲ್ಕೈದು ಮಾತು. ಆಡಲಿಲ್ಲ.

"ತಪ್ಪಾಯ್ತು ಅತ್ತೆ" ಅಂದರು ಅತ್ತಿಗೆ. ಅತ್ತಯ್ಯ ಅನ್ನಲಿಲ್ಲ. ಅತ್ತೆ.

ಊರಿಗೆ ಹೊರಡುವ ಹಿಂದಿನ ದಿನ ಅತ್ತಿಗೆಯೇ ಅಣ್ಣನಿಗೆ ಹೇಳಿದರಂತೆ, ಶೀನನನ್ನು ಒಂದು ಸಲ ಕೂರಿಸಿ, ಪಾಪ ಆಸೆಪಟ್ಟಿದ್ದಾನೆ ಅಂತ. ಯಜಮಾನ ದಪ್ಪನೆಯ ಹೊಸ ಸರಪಳಿಗಳನ್ನು ಹಾಕಿಸಿದ್ದ. ಮಾವಯ್ಯ ಬಂದು ಅವನ್ನೂ ತಟ್ಟಿ ನೋಡಿದರು. ಅಣ್ಣ ಮತ್ತು ನಾನು ಮುಂದಿನ ಡಬ್ಬಿಯಲ್ಲಿ ಕೂತೆವು. ಮಾತು ಕೊಟ್ಟ ಹಾಗೆಯೇ. ಸರಪಳಿ ನಮ್ಮನ್ನು ಎಳೆಯಿತು. ದಿಬ್ಬದ ತುದಿಯಿಂದ ಒಂದು ಕ್ಷಣ ಕಾರ್ಖಾನೆಯ ಚಿಮಣಿ, ಬೇಸಿಗೆಯ ಸಣಕಲು ಹೊಳೆ, ಕೆಳಗೆ ಪುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಬಿಳಿ ಬಟ್ಟೆ ಸುತ್ತಿದ ಕೈಯನ್ನು ನನ್ನತ್ತ ಬೀಸುತ್ತಿದ್ದ ಅತ್ತಿಗೆ, ಎಲ್ಲ ಕಂಡಿತು. ಆಮೇಲೆ ಕೆಳಗೆ ಬಿದ್ದೆವು. ಅಣ್ಣ ಕೇಕೆ ಹಾಕಿದ. ನಾನು ಎರಡೂ ಕೈಯಲ್ಲಿ ಅಡ್ಡ ಸರಪಳಿ ಹಿಡಿದುಕೊಂಡೆ. ಎರಡನೆಯ ಸುತ್ತಿಗೆ "ಸಾಕು!" ಅಂತ ಅರಚಿದೆ.

ಪರದೆಯ ಹಿಂದಿನಿಂದ ಇಮಾಂ ಸಾಬರು ತಕ್ಷಣ ನಿಲ್ಲಿಸಿದರು. ನಾನು ಒಂದೇ ಸಲ ಹೇಳಿದ್ದು ಸಾಕಾಯಿತು.

ನನ್ನ ತಪ್ಪು ಅಲ್ಲಿಗೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಶಿವಮೊಗ್ಗಕ್ಕೆ ಬಂದ ಮೇಲೆ ಓಣಿಯ ಗೆಳೆಯರು ರಜದಲ್ಲಿ ಏನು ಮಾಡಿದೆಯೋ ಅಂತ ಕೇಳಿದರು. ನಾನು ಗುಡ್ಡದ ರೈಲಿನ ಕಥೆ ಹೇಳಿದೆ. ನನ್ನ ಪಾಲನ್ನು ಬಿಟ್ಟು, ಉಳಿದದ್ದನ್ನು ನಗು ಬರುವ ಹಾಗೆ ಹೇಳಿದೆ. ಅತ್ತಿಗೆಯ ಕೂಗನ್ನು ಅಣಕಿಸಿಯೂ ತೋರಿಸಿದೆ. ಒಂದು ವಾರದಲ್ಲಿ ಅವರಿಗೆ 'ಚಾಲು ಅತ್ತಿಗೆ' ಅಂತ ಹೆಸರು ಬಿತ್ತು. ಹೆಣ್ಣೊಬ್ಬಳನ್ನು ಚಾಲು ಅಂದರೆ ನಮ್ಮ ಕಡೆ ಏನರ್ಥ ಬರುತ್ತದೆ ಅಂತ ಹೇಳಬೇಕಾಗಿಲ್ಲ. ತಿಳಿಯದ ಜನ, ಇವಳು ಅದೇನು ಕಿಲಾಡಿಯೋ ಅಂದುಕೊಂಡರು. ನಲ್ಲಿಗೆ ನೀರಿಗೆ ಹೋದರೆ ಹೆಂಗಸರು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು. ಅತ್ತಿಗೆ ಬಿಂದಿಗೆ ತುಂಬಿಸಿಕೊಂಡು ಗೋಡೆ ಪಕ್ಕದಲ್ಲೇ ಬರುತ್ತಿದ್ದರು.

ಆ ಬೇಸಿಗೆಯ ನಂತರ ಅವರು ನಮ್ಮ ಮನೆಯಲ್ಲಿ ತೆಲುಗು ಆಡಲಿಲ್ಲ. ಒಂದೇ ಒಂದು ಮಾತನ್ನೂ ಆಡಲಿಲ್ಲ. ಕೈ ಸುಟ್ಟುಕೊಂಡರೆ "ಅಯ್ಯೋ" ಅಂದು ಸುಮ್ಮನಾಗುತ್ತಿದ್ದರು. ಅವರಮ್ಮ ಬಂದಾಗ ಆಕೆ ತೆಲುಗಿನಲ್ಲಿ ಕೇಳುತ್ತಿದ್ದರು, ಇವರು ಕನ್ನಡದಲ್ಲಿ ಉತ್ತರಿಸುತ್ತಿದ್ದರು. ಎರಡು ಮಕ್ಕಳಾದವು. ತೊಟ್ಟಿಲು ತೂಗಿದ್ದೂ ಕನ್ನಡದಲ್ಲೇ. ಕೊನೆಯ ದಿನಗಳಲ್ಲಿ ಮಾವಯ್ಯನ ಬಾಯಲ್ಲಿ ತೆಲುಗಷ್ಟೇ ಉಳಿದಿತ್ತು. ಅದು ತಿಳಿಯದ ಆ ಮಕ್ಕಳ ಕೆನ್ನೆ ಸವರುತ್ತ ಕೂರುತ್ತಿದ್ದರು. ನನಗೆ ಊಟಕ್ಕೆ ಬಡಿಸುವಾಗ ಅತ್ತಿಗೆ "ಸಾಕಾ ಶೀನಾ?" ಅಂತ ಕೇಳಿದಾಗಲೆಲ್ಲ ಮಣಿಕಟ್ಟಿನ ಬಿಳಿ ಗೆರೆ ನನ್ನ ಕಣ್ಣಿನ ಮುಂದೆಯೇ ಇರುತ್ತಿತ್ತು.

ನನ್ನ ಮೇಲಿನ ಅವರ ಪ್ರೀತಿ ಮಾತ್ರ ಚೂರೂ ಕಡಿಮೆಯಾಗಲಿಲ್ಲ. ನಾನು ಪಾಸಾದಾಗ ಕೇಸರಿಭಾತು ಮಾಡಿದವರು ಅವರು. ಮುಂದೆ ಓದುವುದಾಗದೆ ಲಾರಿ ಆಫೀಸಿಗೆ ಸೇರಿದಾಗ ಬುತ್ತಿ ಕಟ್ಟಿಕೊಟ್ಟವರು, ನನಗೆ ಹೆಣ್ಣು ನೋಡಿದವರು, ನನ್ನ ಹೆಂಡತಿಯ ಬಾಣಂತನ ಮಾಡಿದವರು, ಎಲ್ಲ ಅವರೇ. ಅವರಿಗೆ ಗೊತ್ತಿಲ್ಲ, ಅದಕ್ಕೇ ಇಷ್ಟು ಪ್ರೀತಿ ಅಂತ ನಾನು ನಂಬಿಕೊಂಡಿದ್ದೆ. ಹೇಳಿದರೆ ಅದು ಹೋಗುತ್ತದೆ ಅಂತ ಹೆದರಿದ್ದೆ.

ಗಿರಣಿಯಿಂದ ಬಿಸಿ ಹಿಟ್ಟಿನ ಚೀಲ ಹಿಡಿದು ಆಟೋದಲ್ಲಿ ನೇರವಾಗಿ ವಿದ್ಯಾನಗರಕ್ಕೆ ಹೋದೆ. ಹೋದ ವರ್ಷ ಬಿದ್ದ ಮೇಲೆ ಅತ್ತಿಗೆ ಹಾಸಿಗೆ ಹಿಡಿದಿದ್ದಾರೆ. ಮಾತು ಕಡಿಮೆಯಾಗಿದೆ. ಕೆಲವು ದಿನ ಎಲ್ಲರ ಗುರುತು ಸಿಗುತ್ತದೆ, ಕೆಲವು ದಿನ ಇಲ್ಲ. ಅವರ ಸೊಸೆ ಸುಮಾ ದಿಂಬಿಗೆ ಒರಗಿಸಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಒಳ್ಳೆಯ ಹುಡುಗಿ, ಅತ್ತೆಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾಳೆ.

"ಬನ್ನಿ ಚಿಕ್ಕಮಾವ, ಕೂತ್ಕೊಳ್ಳಿ. ಇವತ್ತು ಅತ್ತೆ ಚೆನ್ನಾಗಿ ಕುಡೀತಿದ್ದಾರೆ" ಅಂದಳು.

ಅತ್ತಿಗೆ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರು.

"ಚಾಲು" ಅಂದರು.

ಅರವತ್ತು ವರ್ಷವಾಗಿತ್ತು ನಾನು ಅದನ್ನು ಆ ಬಾಯಿಂದ ಕೇಳಿ.

"ನೋಡಿದ್ರಾ, ಮೂರು ದಿನದಿಂದ ಇದೇ ಮಾತು. ಚಾಲು, ಚಾಲು ಅಂತಾರೆ. ಹೂಂ ಅತ್ತೆ, ಇನ್ನೊಂದು ಚಮಚ, ಆ ಮಾಡಿ" ಅಂತ ಸುಮಾ ನಗುತ್ತ ಚಮಚ ತುಂಬಿದಳು.

ಅತ್ತಿಗೆ ಮುಖ ಆಚೆ ತಿರುಗಿಸಿದರು. "ಚಾಲು..." ಈ ಸಲ ಇನ್ನೂ ಸಣ್ಣಗೆ.

"ನಿಲ್ಸಮ್ಮ ಸುಮಾ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಸಾಕು ಅಂತಿದ್ದಾರೆ. ಅವರ ಭಾಷೇಲಿ ಚಾಲು ಅಂದ್ರೆ ಸಾಕು ಅಂತ."

ಸುಮಾ ಚಮಚವನ್ನು ಬಟ್ಟಲಿಗೆ ಇಳಿಸಿದಳು. "ಅಯ್ಯೋ ದೇವರೇ! ಮೂರು ದಿನದಿಂದ ನಾನು... ನಿಮಗೆ ತೆಲುಗು ಬರುತ್ತಾ ಚಿಕ್ಕಮಾವ?"

"ಅದೊಂದು ಮಾತು ಬರುತ್ತೆ. ಆವಾಗಿಂದ್ಲೂ ಬರ್ತಿತ್ತು."

ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ನಾನು ಮಂಚದ ಹತ್ತಿರ ಕುರ್ಚಿ ಎಳೆದು ಕೂತೆ. ಅತ್ತಿಗೆ ಕಣ್ಣು ಮುಚ್ಚಿದ್ದರು. ನನ್ನ ಗುರುತು ಸಿಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ಸಿಗದಿದ್ದರೂ ಹೇಳಿಬಿಡಬೇಕು ಅನ್ನಿಸಿತು. ರಾಗಿ ಹಿಟ್ಟು ಮೆತ್ತಿದ ನನ್ನ ಕೈಯನ್ನು ಆ ಬಿಳಿ ಗೆರೆಯ ಮೇಲಿಟ್ಟೆ.

"ಅತ್ತಿಗೆ, ಭದ್ರಾವತೀಲಿ ಅವತ್ತು ಇಮಾಂ ಸಾಬ್ರು ನನ್ನ ಕೇಳಿದ್ರು. ನನಗೆ ಅರ್ಥ ಗೊತ್ತಿತ್ತು. ಗೊತ್ತಿದ್ದೂ ಇನ್ನೂ ಬೇಕಂತೆ ಅಂದೆ."

ಅವರು ಕಣ್ಣು ಬಿಟ್ಟರು. ನನ್ನ ಮುಖ ನೋಡಿದರು. ಅವರ ತುಟಿಯ ಮೂಲೆಯಲ್ಲಿ, ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತ ನಕ್ಕಿದ್ದ ಆ ಹುಡುಗಿಯ ನಗು ಬಂತು.

"ಗೊತ್ತು ಮಾರಾಯ" ಅಂದರು. "ಕಲಿಸಿದ್ದು ನಾನೇ ಅಲ್ವಾ?"